ಪೀಪಿಯ ಗಂಟಲೂ ಕಂಪನಿ ಫಿಟ್ಟಿಂಗೂ

"ಆ ಅನ್ನು."

"ಆ."

"ಇಷ್ಟೇನಾ ಬಾಯಿ? ದೊಡ್ಡದಾಗಿ ತೆಗಿಯೇ. ಆ…"

"ಆ."

ಅಮ್ಮ ಟಾರ್ಚನ್ನು ಮೇಲಕ್ಕೂ ಕೆಳಕ್ಕೂ ಆಡಿಸಿದಳು. ಬೆಳಕು ಪೀಪಿಯ ಮುಂದಿನ ಹಲ್ಲುಗಳ ಮೇಲೆ ಬಿತ್ತೇ ಹೊರತು ಒಳಗೆ ಹೋಗಲಿಲ್ಲ. ಹೋಗುವುದಾದರೂ ಹೇಗೆ? ಪೀಪಿ ಬೇಕೆಂದೇ ಒಂದು ಬಟಾಣಿ ಕಾಳು ತೂರುವಷ್ಟು ಮಾತ್ರ ಬಾಯಿ ತೆರೆದಿದ್ದಳು. ಇಡೀ ಬೀದಿಗೆ ಕೇಳುವ ಹಾಗೆ ಮಾತಾಡುತ್ತಾಳೆ ಅಂತಲೇ ಅವಳಿಗೆ ಪೀಪಿ ಅನ್ನುವ ಹೆಸರು ಬಂದದ್ದು. ಅಂಥವಳು ಈ ಬೆಳಿಗ್ಗೆ ಬಾಯಿ ತೆರೆಯಲು ಜಿಪುಣತನ ಮಾಡುತ್ತಿದ್ದಳು.

"ಗಂಟಲು ನೋಯ್ತಿದ್ಯಾ?"

"ಇಲ್ಲ."

"ನಿಜ ಹೇಳು."

"ಇಲ್ಲಮ್ಮಾ! ವ್ಯಾನ್‌ಗೆ ಲೇಟಾಗ್ತಿದೆ ನೋಡು."

ಈ ಮಾತು ಸರಿಯಾದ ಜಾಗಕ್ಕೇ ತಾಗಿತು. ಪೀಪಿಯ ಅಮ್ಮ ಸ್ಕೂಲ್ ವ್ಯಾನ್ ಓಡಿಸುತ್ತಾಳೆ. ಡ್ರೈವರೇ ತಡಮಾಡಿದರೆ ಬೀದಿ ಮೂಲೆಗಳಲ್ಲಿ ಬ್ಯಾಗ್ ಹೊತ್ತು ನಿಂತ ಮಕ್ಕಳ ಗತಿಯೇನು? ಅಮ್ಮ ಟಾರ್ಚ್ ಆರಿಸಿ, "ಅಯ್ಯೋ, ಬೀಗದ ಕೈ ಎಲ್ಲಿ?" ಎನ್ನುತ್ತ ಓಡಿದಳು.

ಪೀಪಿ ಉಗುಳು ನುಂಗಿದಳು. ಗಂಟಲಲ್ಲಿ ಚುಳ್ ಎಂದಿತು. ಕಣ್ಣಲ್ಲಿ ನೀರು ತುಂಬಿತು. ಅದನ್ನು ಯೂನಿಫಾರ್ಮಿನ ತೋಳಿನಿಂದ ಒರೆಸಿಕೊಂಡು, ಏನೂ ಆಗಿಲ್ಲವೆಂಬಂತೆ ಶೂ ಹಾಕಿಕೊಂಡಳು.

ನೋವು ನಿನ್ನೆಯಿಂದಲೇ ಶುರುವಾಗಿತ್ತು. ಅವಳಿಗೆ ಅದರ ಹೆಜ್ಜೆಯ ಗುರುತು ಚೆನ್ನಾಗಿ ಗೊತ್ತು. ಮೊದಲು ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ಆಮೇಲೆ ಚುಚ್ಚು. ಆಮೇಲೆ ಕಿವಿಯವರೆಗೂ ಎಳೆತ. ಆಮೇಲೆ ಜ್ವರ. ಈ ವರ್ಷ ಎಷ್ಟು ಸಲ ಹೀಗಾಗಿತ್ತೆಂದರೆ ಅವಳ ಕ್ಲಾಸ್ ಟೀಚರು ಹಾಜರಿ ಕೂಗುವಾಗ ಅವಳ ಹೆಸರಿನ ಹತ್ತಿರ ಬಂದು, "ಇದ್ದಾಳಾ ಇವತ್ತು?" ಎಂದು ಕೇಳುವುದು ರೂಢಿಯಾಗಿಬಿಟ್ಟಿತ್ತು.

ಆದರೆ ಈ ಸಲ ಹೇಳುವ ಹಾಗಿರಲಿಲ್ಲ. ಸತ್ತರೂ ಹೇಳುವ ಹಾಗಿರಲಿಲ್ಲ.

ಯಾಕೆಂದರೆ ಹೋದ ಸಲ ಕಿವಿ, ಮೂಗು, ಗಂಟಲಿನ ಡಾಕ್ಟರಮ್ಮ ಅವಳ ನಾಲಿಗೆಯನ್ನು ಚಪ್ಪಟೆ ಕಡ್ಡಿಯಿಂದ ಒತ್ತಿ ನೋಡಿ, ಅಪ್ಪ ಅಮ್ಮನಿಗೆ ಹೇಳಿದ್ದರು: "ನಾಲಿಗೆಯ ಹಿಂದೆ ಎರಡೂ ಕಡೆ ಒಂದೊಂದು ಗಡ್ಡೆ ಇರುತ್ತೆ. ಅದೇ ಟಾನ್ಸಿಲ್. ಒಳಗೆ ಬರೋ ಕ್ರಿಮಿಗಳನ್ನ ತಡೆಯೋ ಕಾವಲುಗಾರರು ಅಂದ್ಕೊಳ್ಳಿ. ಇವಳ ಕಾವಲುಗಾರರೇ ಪದೇ ಪದೇ ಕಾಯಿಲೆ ಬೀಳ್ತಿದ್ದಾರೆ. ಈಗ ಮಾತ್ರೆ ಬರ್ಕೊಡ್ತೀನಿ, ಜ್ವರ ಬಿಟ್ಟರೂ ಪೂರ್ತಿ ನುಂಗಿಸಿ. ಮತ್ತೆ ಬಂದರೆ ತಕ್ಷಣ ಕರ್ಕೊಂಡು ಬನ್ನಿ. ಆಗ ತೆಗೆಯೋ ವಿಚಾರ ಮಾತಾಡೋಣ."

ತೆಗೆಯೋದು! ಆ ಒಂದು ಮಾತು ಕೇಳಿದ್ದೇ ಪೀಪಿ ಫಟ್ಟನೆ ಬಾಯಿ ಮುಚ್ಚಿಕೊಂಡಿದ್ದಳು.

ಬೇರೆ ಮಕ್ಕಳಾಗಿದ್ದರೆ ಕತ್ತರಿಗೆ ಹೆದರುತ್ತಿದ್ದರು, ಸೂಜಿಗೆ ಹೆದರುತ್ತಿದ್ದರು. ಪೀಪಿ ಹೆದರಿದ್ದು ಬೇರೆಯದಕ್ಕೆ. ಅದನ್ನು ತಿಳಿಯಬೇಕಾದರೆ ನೀವು ಅವಳ ಅಪ್ಪನ ಅಂಗಡಿಗೆ ಬರಬೇಕು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಫ್ಯಾನು, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ರೇಡಿಯೊ, ಏನು ಕೆಟ್ಟರೂ ಜನ ಇಲ್ಲಿಗೇ ತರುತ್ತಾರೆ. ಮೇಜಿನ ತುಂಬ ಸ್ಕ್ರೂಗಳು, ವೈರಿನ ತುಂಡುಗಳು. ಸಾಲ್ಡರ್ ಮಾಡಿದ ಹೊಗೆಯ ವಾಸನೆ ಅಪ್ಪನ ಶರ್ಟಿನಿಂದ ಎಂದೂ ಹೋಗುವುದಿಲ್ಲ. ಯಾರು ಏನು ತಂದರೂ ಅಪ್ಪ ಅದನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸುತ್ತಾನೆ. ಆಮೇಲೆ ಹೇಳುವ ಮಾತು ಮಾತ್ರ ಒಂದೇ:

"ಬಿಚ್ಚಿ ಸರಿ ಮಾಡ್ಕೊಡ್ತೀನಿ ಸ್ವಾಮಿ. ಆದ್ರೆ ಒಂದ್ಸಲ ಬಿಚ್ಚಿದ ಮೇಲೆ ಕಂಪನಿ ಫಿಟ್ಟಿಂಗ್ ಬರಲ್ಲ. ಆಮೇಲೆ ನನ್ನ ಕೇಳ್ಬೇಡಿ."

ಪೀಪಿ ತೊಟ್ಟಿಲಿನಿಂದಲೇ ಕೇಳುತ್ತ ಬೆಳೆದ ಮಾತು ಅದು. ಬಿಚ್ಚಿದ ಫ್ಯಾನು ತಿರುಗುತ್ತದೆ, ಆದರೆ ಟಕ್ ಟಕ್ ಅನ್ನುತ್ತದೆ. ಬಿಚ್ಚಿದ ರೇಡಿಯೊ ಹಾಡುತ್ತದೆ, ಆದರೆ ಮೂಗಿನಿಂದ ಹಾಡುತ್ತದೆ. ಎಲ್ಲ ಜೋಡಿಸಿದ ಮೇಲೆ ಮೇಜಿನ ಮೇಲೆ ಒಂದು ಸ್ಕ್ರೂ ಉಳಿದೇ ಉಳಿಯುತ್ತದೆ. "ಇದು ಎಲ್ಲಿಂದ ಬಂತಪ್ಪಾ?" ಎಂದು ಅಪ್ಪ ತಲೆ ಕೆರೆದುಕೊಳ್ಳುತ್ತಾನೆ.

ಅದೆಲ್ಲ ಹೋಗಲಿ ಎನ್ನೋಣ. ಅಜ್ಜಿಯ ಕಿವಿ ಮಷಿನ್ ಇತ್ತಲ್ಲ!

ಅಪ್ಪನ ಅಮ್ಮ, ಅಂದರೆ ಅಜ್ಜಿ, ಒಳಕೋಣೆಯಲ್ಲಿ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಅಜ್ಜಿಗೆ ಕಿವಿ ಮಂದ. ಒಂದು ಮಷಿನ್ ಇತ್ತು. ಒಂದು ದಿನ ಅದು ಗುಂಯ್ ಎಂದಿತು. "ಅದೇನು ಮಹಾ, ಕೊಡಿಲ್ಲಿ," ಎಂದು ಅಪ್ಪ ಚಿಕ್ಕ ಸ್ಕ್ರೂ ಡ್ರೈವರ್ ತೆಗೆದುಕೊಂಡು ಬಿಚ್ಚಿಯೇಬಿಟ್ಟ. ಜೋಡಿಸಿದ ಮೇಲೆ ಅದು ಗುಂಯ್ ಅನ್ನಲಿಲ್ಲ. ಏನೂ ಅನ್ನಲಿಲ್ಲ. ಮತ್ತೆಂದೂ ಅನ್ನಲೇ ಇಲ್ಲ.

ಅಪ್ಪನ ಮುಖ ಸಪ್ಪಗಾಗಿತ್ತು. ಪೀಪಿಯನ್ನು ಹತ್ತಿರ ಕರೆದು, "ಹಳೇದಾಗಿತ್ತು, ತಾನಾಗೇ ಕೆಟ್ಟುಹೋಯ್ತು ಅಂತ ಅಜ್ಜಿಗೆ ಹೇಳು. ನಾನು ಬಿಚ್ಚಿದ್ದು ಹೇಳ್ಬೇಡ, ಆಯ್ತಾ?" ಎಂದಿದ್ದ. ಪೀಪಿ ಹೋಗಿ ಹಾಗೇ ಹೇಳಿದಳು. ಅಜ್ಜಿ ಅವಳನ್ನೇ ಸ್ವಲ್ಪ ಹೊತ್ತು ನೋಡಿ, "ಹೋಗ್ಲಿ ಬಿಡು," ಎಂದಳು.

ಅಂದಿನಿಂದ ಮನೆಯಲ್ಲಿ ಅಜ್ಜಿಗೆ ಕೇಳಿಸುವುದು ಪೀಪಿಯ ದನಿ ಒಂದೇ.

ಅಪ್ಪ ಅಂಗಡಿಯಿಂದಲೇ, "ಅಮ್ಮಾ, ಊಟ ಆಯ್ತಾ?" ಎಂದು ಗಂಟಲು ಹರಿಯುವ ಹಾಗೆ ಕಿರುಚಿದರೂ ಅಜ್ಜಿ ಕಿಟಕಿಯ ಹೊರಗೆ ನೋಡುತ್ತಿರುತ್ತಾಳೆ. ಅಮ್ಮ ಅಡುಗೆಮನೆಯಿಂದ ಪಾತ್ರೆ ತೊಳೆಯುತ್ತ ಕೂಗಿದರೂ ಅಷ್ಟೇ. ಕೊನೆಗೆ ಇಬ್ಬರೂ ಸೋತು, "ಪೀಪೀ, ಅಜ್ಜಿಗೆ ಹೇಳೇ," ಎನ್ನುತ್ತಾರೆ. ಪೀಪಿ ಓಡಿ ಬರುತ್ತಾಳೆ. ಅಜ್ಜಿಯ ಕುರ್ಚಿಯ ಎದುರು ಒಂದು ಮೋಟು ಸ್ಟೂಲಿದೆ. ಅದು ಪೀಪಿಯದು, ಬೇರೆ ಯಾರೂ ಕೂರುವುದಿಲ್ಲ. ಅದರ ಮೇಲೆ ಕೂತು, ಅಜ್ಜಿಯ ಮೊಣಕಾಲಿನ ಮೇಲೆ ಕೈಯಿಟ್ಟು ಹೇಳುತ್ತಾಳೆ. ಅಜ್ಜಿಗೆ ಒಂದೇ ಸಲಕ್ಕೆ ಕೇಳಿಸುತ್ತದೆ.

"ನಮ್ಮಮ್ಮನ ಕಿವಿಗೆ ನಿನ್ನ ದನಿಯೇ ಸರಿಯಾದ ಸ್ಟೇಷನ್ ಕಣೇ," ಎಂದು ಅಪ್ಪ ನಗುತ್ತಿದ್ದ.

ಈಗ ಹೇಳಿ, ಪೀಪಿ ಹೆದರದೆ ಇನ್ನೇನು ಮಾಡಿಯಾಳು? ಗಂಟಲು ಬಿಚ್ಚಿದ ಮೇಲೆ ದನಿ ಮೂಗಿನಿಂದ ಬಂದರೆ? ಬರದೇ ಹೋದರೆ? ಅಜ್ಜಿಗೆ ಯಾರು ಹೇಳುತ್ತಾರೆ? ಅಜ್ಜಿ ಆ ಕುರ್ಚಿಯಲ್ಲಿ ಒಬ್ಬಳೇ, ಯಾರ ಮಾತೂ ಕೇಳದೆ, ಕಿಟಕಿ ನೋಡುತ್ತ ಕೂತಿರುತ್ತಾಳೆ.

* * *

ಸ್ಕೂಲಿನಲ್ಲಿ ಪೀಪಿಯ ಪಕ್ಕ ಕೂರುವ ಹುಡುಗನಿಗೆ "ನಂಗೊತ್ತು" ಅಂತ ಹೆಸರು. ಯಾರು ಏನು ಹೇಳಲು ಹೊರಟರೂ ಅವನು ಮೊದಲೇ, "ನಂಗೊತ್ತು, ನಂಗೊತ್ತು," ಎನ್ನುತ್ತಾನೆ. ಅವನಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದು ದೇವರಿಗೇ ಗೊತ್ತು.

ಊಟದ ಬೆಲ್ ಆದಾಗ ಪೀಪಿ ಡಬ್ಬಿಯನ್ನು ಅವನ ಕಡೆ ತಳ್ಳಿದಳು. "ನೀನೇ ತಿನ್ನು."

"ಯಾಕೆ?"

"ಹಸಿವಿಲ್ಲ. ಹೂಂ, ಒಂದು ವಿಷಯ. ಟಾನ್ಸಿಲ್ ಅಂದ್ರೆ…"

"ನಂಗೊತ್ತು! ಅದನ್ನ ತೆಗೀತಾರೆ." ನಂಗೊತ್ತು ಬಾಯಲ್ಲಿ ಬ್ರೆಡ್ ತುಂಬಿಕೊಂಡೇ ಕತ್ತಿನ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದ. "ಇಲ್ಲಿಂದ ಇಲ್ಲೀವರೆಗೂ ಕುಯ್ತಾರೆ. ಆಮೇಲೆ ಹೊಲಿಗೆ. ನಮ್ಮ ಚಿಕ್ಕಪ್ಪನ ಫ್ರೆಂಡ್ ಒಬ್ಬರಿಗೆ ಆಪರೇಷನ್ ಆದ್ಮೇಲೆ ದನಿ ಬಾತುಕೋಳಿ ಥರ ಆಗೋಯ್ತು. ಕ್ವಾಕ್ ಕ್ವಾಕ್."

"ಸುಳ್ಳು."

"ನಿಜ ಕಣೇ! ನಂಗೊತ್ತು."

ಪೀಪಿ ಕತ್ತಿನ ಮೇಲೆ ಕೈ ಇಟ್ಟುಕೊಂಡಳು. ಕತ್ತು ಕಾದ ಇಸ್ತ್ರಿ ಪೆಟ್ಟಿಗೆಯಷ್ಟು ಬಿಸಿಯಿತ್ತು. ದವಡೆಯ ಕೆಳಗೆ ಎರಡು ಗಂಟು ಸಿಕ್ಕವು. ಬಾಟಲಿಯ ನೀರನ್ನು ಬಾಯಿಗೆ ಹಾಕಿಕೊಂಡಳು. ನುಂಗಲು ಧೈರ್ಯ ಸಾಲದೆ, ಕೈ ತೊಳೆಯುವ ನಲ್ಲಿಯ ಹತ್ತಿರ ಹೋಗಿ ಉಗುಳಿ ಬಂದಳು.

ಮಧ್ಯಾಹ್ನದ ಗಣಿತದ ಪೀರಿಯಡ್ಡಿನಲ್ಲಿ ಬೋರ್ಡಿನ ಮೇಲಿನ ಅಂಕಿಗಳು ಜಾಗ ಬಿಟ್ಟು ಜಾಗಕ್ಕೆ ಓಡಾಡತೊಡಗಿದವು. ಪೀಪಿ ಡೆಸ್ಕಿನ ಮೇಲೆ ಕೆನ್ನೆಯಿಟ್ಟಳು. ಮರ ತಣ್ಣಗಿತ್ತು. ಸಂಜೆವರೆಗೆ ಹೇಗಾದರೂ ಸಹಿಸಿಕೊಂಡರೆ ತಾನಾಗಿಯೇ ಹೋಗುತ್ತದೆ, ಹೋಗಲೇಬೇಕು ಎಂದುಕೊಂಡಳು.

* * *

ಮನೆಗೆ ಬಂದವಳೇ ಗೂಟಕ್ಕೆ ತೂಗುಹಾಕಿದ್ದ ನೀಲಿ ಮಫ್ಲರ್ ತೆಗೆದು ಕತ್ತಿಗೆ ಸುತ್ತಿ, ಬಾಯಿ ಮೂಗು ಎಲ್ಲ ಮುಚ್ಚುವಂತೆ ಎಳೆದುಕೊಂಡಳು. ಪ್ರತಿ ಸಲ ಗಂಟಲು ನೋವು ಬಂದಾಗ ಅಮ್ಮ ಹಾಗೇ ಸುತ್ತುತ್ತಿದ್ದಳು. ಅಮ್ಮ ಉಳಿದ ಮಕ್ಕಳನ್ನು ಇಳಿಸಲು ವ್ಯಾನ್ ತೆಗೆದುಕೊಂಡು ಹೋಗಿದ್ದಳು.

ಅಂಗಡಿಯಲ್ಲಿ ಅಪ್ಪ ಒಂದು ಟೇಬಲ್ ಫ್ಯಾನಿನ ಹೊಟ್ಟೆ ಬಗೆಯುತ್ತಿದ್ದ. ತಲೆ ಎತ್ತದೆ, "ಪೀಪೀ, ಅಜ್ಜಿ ಮಧ್ಯಾಹ್ನದ ಮಾತ್ರೆ ನುಂಗಿದ್ಲಾ ಕೇಳು. ನಾನು ಕೂಗಿ ಕೂಗಿ ಸಾಕಾಯ್ತು," ಎಂದ.

ಪೀಪಿ ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತಳು. "ಅಜ್ಜಿ, ಮಾತ್ರೆ ನುಂಗಿದ್ಯಾ?"

ಅಜ್ಜಿ ಹುಬ್ಬು ಗಂಟಿಕ್ಕಿದಳು. "ಏನು?"

"ಮಾತ್ರೆ!"

"ಏನು ಮಗಾ? ಕೇಳಿಸ್ತಿಲ್ಲವಲ್ಲೇ."

ಪೀಪಿ ಇದ್ದಬದ್ದ ಶಕ್ತಿಯನ್ನೆಲ್ಲ ಸೇರಿಸಿ ಮತ್ತೊಮ್ಮೆ ಕೂಗಿದಳು. ದನಿ ದಪ್ಪಗೆ, ಬಾಯಿ ತುಂಬ ಏನೋ ಇಟ್ಟುಕೊಂಡು ಮಾತಾಡಿದ ಹಾಗೆ ಬಂತು. ಗಂಟಲು ಉರಿಯಿತು. ಅಜ್ಜಿ ಕೇಳಿಸಲಿಲ್ಲವೆಂಬಂತೆ ತಲೆಯಾಡಿಸಿದಳು.

ಹೋದ ಸಲ ಜ್ವರ ಬಂದಾಗಲೂ ಹೀಗೇ ಆಗಿತ್ತು. ಅದಕ್ಕೂ ಹಿಂದಿನ ಸಲವೂ. ಗಂಟಲು ಕೆಟ್ಟಿತೆಂದರೆ ಅಜ್ಜಿಗೆ ಪೀಪಿ ಕೇಳಿಸುವುದೇ ಇಲ್ಲ. ಬರೀ ನೋವಿಗೇ ಹೀಗಾದರೆ ಬಿಚ್ಚಿದ ಮೇಲೆ ಕೇಳಬೇಕೆ?

ಅವಳು ಅಳು ತಡೆದುಕೊಂಡು ಹೋಗಿ ಹಾಸಿಗೆಯ ಮೇಲೆ ಮುದುಡಿ ಮಲಗಿದಳು. ಬಾಯಲ್ಲಿ ತುಂಬಿದ ಉಗುಳನ್ನು ನುಂಗಲಾರದೆ ಮಫ್ಲರಿನ ತುದಿಗೆ ಒರೆಸಿಕೊಂಡಳು. ಅಜ್ಜಿ ತನ್ನ ಕುರ್ಚಿಯಿಂದ ಅವಳನ್ನೇ ನೋಡುತ್ತಿದ್ದಳು. ಪೀಪಿಗೆ ಅದು ಗೊತ್ತಾಗಲಿಲ್ಲ.

ವ್ಯಾನ್ ನಿಂತ ಸದ್ದಾಯಿತು. ಅಮ್ಮ ಒಳಗೆ ಕಾಲಿಟ್ಟಳೋ ಇಲ್ಲವೋ, ಅಜ್ಜಿ ಕುರ್ಚಿಯ ತೋಳನ್ನು ಬಡಿದು ಜೋರಾಗಿ ಹೇಳಿದಳು:

"ಈ ಮಗು ನುಂಗ್ತಿಲ್ಲ! ಬಂದಾಗಿಂದ ನೋಡ್ತಿದೀನಿ, ಒಂದು ಸಲಾನೂ ಉಗುಳು ನುಂಗಿಲ್ಲ. ಮೊದಲು ಡಾಕ್ಟರ ಹತ್ರ ಕರ್ಕೊಂಡು ಹೋಗು."

ಗುಟ್ಟು ರಟ್ಟಾಯಿತು. ಅಮ್ಮ ಹಣೆ ಮುಟ್ಟಿ, "ಅಯ್ಯೋ ನನ್ ಕಂದಾ! ಕೆಂಡ ಆಗಿದೆಯಲ್ಲೇ!" ಎಂದು ಕೂಗಿದಳು. ಅಪ್ಪ ಫ್ಯಾನನ್ನು ಹಾಗೇ ಬಿಟ್ಟು ಓಡಿಬಂದ. ಪೀಪಿ ಅಜ್ಜಿಯ ಕಡೆ ಸಿಟ್ಟಿನಿಂದ ನೋಡಿದಳು. ಯಾರಿಗಾಗಿ ಇಷ್ಟೆಲ್ಲ ಸಹಿಸಿಕೊಂಡಿದ್ದಳೋ ಅವಳೇ ಹಿಡಿದುಕೊಡುವುದೆಂದರೆ!

* * *

ಖಾಲಿ ಸ್ಕೂಲ್ ವ್ಯಾನಿನಲ್ಲಿ ಅಮ್ಮ ಡ್ರೈವಿಂಗ್ ಸೀಟಿನಲ್ಲಿ, ಅಪ್ಪ ಹಿಂದೆ, ಪೀಪಿ ಅಪ್ಪನ ತೊಡೆಯ ಮೇಲೆ. ಡಾಕ್ಟರಮ್ಮ ನೋಡಿದ ಕೂಡಲೇ, "ನೀರು ಕುಡಿದು ಎಷ್ಟು ಹೊತ್ತಾಯ್ತಮ್ಮ?" ಎಂದರು. ಕೈಗೆ ಸೂಜಿ ಚುಚ್ಚಿ ಗ್ಲೂಕೋಸ್ ಹಾಕಿದರು. ಅದರಲ್ಲೇ ಔಷಧಿಯನ್ನೂ ಬಿಟ್ಟರು. ಒಂದು ದಿನ ಅಲ್ಲೇ ಇರಬೇಕಾಯಿತು.

ಮರುದಿನ ಜ್ವರ ಇಳಿದ ಮೇಲೆ ಡಾಕ್ಟರಮ್ಮ ಮಂಚದ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು.

"ಗಂಟಲು ಒಣಗಿ ಹೋಗೋವರೆಗೂ ಯಾಕೆ ಹೇಳಲಿಲ್ಲ?"

ಪೀಪಿ ಹೊದಿಕೆಯ ಅಂಚನ್ನು ಮಡಿಸಿ ಬಿಡಿಸತೊಡಗಿದಳು.

"ತೆಗೀತಾರೆ ಅಂತ ಭಯಾನಾ?"

ಪೀಪಿ ಅಪ್ಪನ ಕಡೆ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು: "ಬಿಚ್ಚಿದ ಮೇಲೆ… ಕಂಪನಿ ಫಿಟ್ಟಿಂಗ್ ಬರುತ್ತಾ?"

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಅಮ್ಮ ನಗಲು ಹೋಗಿ ಬಾಯಿ ಮುಚ್ಚಿಕೊಂಡಳು. ಅಪ್ಪ ಮಾತ್ರ ನಗಲಿಲ್ಲ. ಅವನ ಕಿವಿಗಳು ಕೆಂಪಾದವು.

"ಅದು… ಅಂಗಡಿಯಲ್ಲಿ ನಾನು ಹೇಳೋ ಮಾತು ಡಾಕ್ಟ್ರೇ," ಎಂದು ನೆಲ ನೋಡಿದ.

"ಓಹೋ." ಡಾಕ್ಟರಮ್ಮ ಪೀಪಿಯ ಕೈ ಹಿಡಿದು ಅವಳ ಕತ್ತಿನ ಮುಂಭಾಗಕ್ಕೆ ತಾಗಿಸಿದರು. "ಮ್ ಅನ್ನು. ಉದ್ದವಾಗಿ."

"ಮ್…"

"ಬೆರಳಿಗೆ ಏನು ಗೊತ್ತಾಗ್ತಿದೆ?"

"ಗುರ್ ಅಂತಿದೆ."

"ದನಿ ಹುಟ್ಟೋದು ಅಲ್ಲಿ. ಟಾನ್ಸಿಲ್ ಇರೋದು ಮೇಲೆ, ನಾಲಿಗೆಯ ಹಿಂದೆ. ನಾನು ದನಿಯ ಹತ್ತಿರಕ್ಕೂ ಹೋಗಲ್ಲ. ಕತ್ತಿನ ಮೇಲೆ ಒಂದು ಗೀಟೂ ಬೀಳಲ್ಲ, ಎಲ್ಲಾ ಬಾಯಿಂದಲೇ. ನೀನು ನಿದ್ದೆ ಮಾಡ್ತಿರ್ತೀಯ."

"ನೋವಾಗುತ್ತಾ?"

"ಆಗುತ್ತೆ. ಸುಳ್ಳು ಯಾಕೆ ಹೇಳಲಿ? ಆಗೋವಾಗ ಗೊತ್ತಾಗಲ್ಲ, ಆಮೇಲೆ ಒಂದೆರಡು ವಾರ ನೋಯುತ್ತೆ. ಕಿವೀನೂ ನೋಯಬಹುದು. ನೋವಿನ ಔಷಧಿ ಕೊಡ್ತೀನಿ. ನೋಯುತ್ತೆ ಅಂತ ನೀರು ಬಿಟ್ಟರೆ ಮಾತ್ರ ಇನ್ನೂ ಜಾಸ್ತಿ ನೋಯುತ್ತೆ. ದನೀನೂ ಸ್ವಲ್ಪ ದಿನ ಬೇರೆ ಥರ ಇರಬಹುದು. ಊತ ಇಳಿದ ಮೇಲೆ ಸರಿಹೋಗುತ್ತೆ."

ಅಪ್ಪ ತಲೆ ಎತ್ತಿದ. "ಕಾವಲುಗಾರರನ್ನೇ ತೆಗೆದುಬಿಟ್ರೆ ಆಮೇಲೆ ಕಾಯೋದು ಯಾರು ಡಾಕ್ಟ್ರೇ?"

"ಮೈಯಲ್ಲಿ ಕಾವಲುಗಾರರು ಬೇಕಾದಷ್ಟು ಜನ ಇದ್ದಾರೆ. ಈ ಇಬ್ಬರೇ ಅಲ್ಲ. ಎಲ್ಲಾ ಮಕ್ಕಳಿಗೂ ತೆಗೆಯೋದಿಲ್ಲ ನಾವು, ತುಂಬ ಮಕ್ಕಳಿಗೆ ಬೆಳೀತಾ ಬೆಳೀತಾ ತಾನಾಗೇ ಕಮ್ಮಿಯಾಗುತ್ತೆ. ಇವಳಿಗೆ ವರ್ಷವಿಡೀ ಇದೇ ಆಗ್ತಿದೆ. ಸ್ಕೂಲು ತಪ್ಪುತ್ತೆ, ಊಟ ಸೇರಲ್ಲ. ಈ ಸೋಂಕು ಪೂರ್ತಿ ವಾಸಿಯಾಗಲಿ, ಕೆಲವು ವಾರ ಬಿಟ್ಟು ಮಾಡೋಣ."

ಪೀಪಿ ಎಲ್ಲ ಕೇಳಿಸಿಕೊಂಡಳು. ಅರ್ಥವೂ ಆಯಿತು. ಆದರೆ ಭಯವೆನ್ನುವುದು ಅರ್ಥವಾದ ಕೂಡಲೇ ಎದ್ದು ಹೋಗುವ ಅತಿಥಿಯಲ್ಲ ನೋಡಿ. "ಬೇರೆ ಥರ ಇರಬಹುದು" ಅನ್ನುವ ಒಂದು ಮಾತು ಮಾತ್ರ ಅವಳ ಕಿವಿಯಲ್ಲಿ ಉಳಿದುಕೊಂಡಿತು.

* * *

ಆಪರೇಷನ್ನಿನ ಹಿಂದಿನ ಸಂಜೆ ಪೀಪಿ ಸ್ಟೂಲಿನ ಮೇಲಿಂದ ಏಳಲೇ ಇಲ್ಲ. ಅಜ್ಜಿಗೆ ಹೇಳಬೇಕಾದದ್ದನ್ನೆಲ್ಲ ಹೇಳಿದಳು. ನಂಗೊತ್ತುವಿಗೆ ಗಣಿತದಲ್ಲಿ ಸೊನ್ನೆ ಬಂದದ್ದು. ಅಮ್ಮ ವ್ಯಾನ್ ರಿವರ್ಸ್ ತೆಗೆಯುವಾಗ ಯಾರದೋ ಹೂಕುಂಡ ಒಡೆದದ್ದು. ಬೆಕ್ಕು ಅಂಗಡಿಯ ಪಂಪಿನ ಡಬ್ಬಿಯಲ್ಲಿ ಮರಿ ಹಾಕಿದ್ದು. ಹೇಳಿ ಮುಗಿದ ಮೇಲೂ ಹೇಳಿದಳು. ಒಂದನ್ನು ಮಾತ್ರ ಹೇಳಲಿಲ್ಲ. ಅದು ಅಪ್ಪನ ಗುಟ್ಟು.

"ಏನೇ ಇದು, ಒಂದೇ ದಿನಕ್ಕೆ ಇಡೀ ವರ್ಷದ್ದು ಹೇಳ್ತಿದೀಯಾ?" ಎಂದು ಅಜ್ಜಿ ಅವಳ ಕೆನ್ನೆ ಹಿಂಡಿದಳು.

ಬೆಳಿಗ್ಗೆ ಹಸಿದ ಹೊಟ್ಟೆಯಲ್ಲೇ ಕರೆದುಕೊಂಡು ಹೋದರು. ಹಸಿರು ಗೌನು ಮೊಣಕಾಲು ದಾಟಿ ಇಳಿದಿತ್ತು. ಬಾಗಿಲವರೆಗೆ ಅಮ್ಮ ಕೈ ಹಿಡಿದು ಬಂದಳು. ಅಪ್ಪ ಬೆಂಚಿನ ಮೇಲೇ ಕೂತಿದ್ದ. ಎಷ್ಟೋ ಮಷಿನುಗಳ ಹೊಟ್ಟೆ ಬಗೆದ ಆ ಕೈಗಳು ಈಗ ಶರ್ಟಿನ ಒಂದೇ ಗುಂಡಿಯನ್ನು ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಮಾಡುತ್ತಿದ್ದವು. ಪೀಪಿ ನೋಡುತ್ತಿದ್ದಾಳೆಂದು ತಿಳಿದು ಅವನು ಅವನ್ನು ತೊಡೆಯ ಕೆಳಗೆ ಇಟ್ಟುಕೊಂಡ.

ಒಳಗೆ ಚಳಿ. ದೊಡ್ಡ ದೀಪ. ಮುಖ ಮುಚ್ಚಿಕೊಂಡ ಜನ. ಯಾರು ಯಾರೆಂದೇ ತಿಳಿಯದೆ ಪೀಪಿಗೆ ಜೀವ ಬಾಯಿಗೆ ಬಂತು. "ಅಮ್ಮಾ!" ಎಂದು ಕೂಗಿದಳು, ತನ್ನ ನಿಜವಾದ ಪೀಪಿ ದನಿಯಲ್ಲಿ. ಮೂಗಿನ ಮೇಲೆ ಮೆತ್ತಗಿನ ಮಾಸ್ಕ್ ಬಂತು. "ಜೋರಾಗಿ ಉಸಿರೆಳಿ ಪುಟ್ಟಾ," ಎಂದಿತು ಡಾಕ್ಟರಮ್ಮನ ದನಿ. ಇದೇ ಕೊನೆಯ ಸಲ ಕೂಗಿದ್ದೇನೋ ಎಂದುಕೊಳ್ಳುವಷ್ಟರಲ್ಲಿ ದೀಪ ಮಸುಕಾಯಿತು.

ಕಣ್ಣು ಬಿಟ್ಟಾಗ ಅಮ್ಮನ ಮುಖ ಕಂಡಿತು. ಗಂಟಲು ಹಸಿ ಗಾಯದ ಹಾಗೆ ಉರಿಯುತ್ತಿತ್ತು. "ಅಮ್ಮ" ಅನ್ನಲು ಹೋದಳು. ತುಟಿ ಅಲ್ಲಾಡಿತು. ದನಿ ಬರಲಿಲ್ಲ.

ಇನ್ನೊಮ್ಮೆ ಪ್ರಯತ್ನಿಸಿದಳು. ಉಸಿರು ಬಂತು, ದನಿ ಇಲ್ಲ.

ನರ್ಸಕ್ಕ ಬಂದು, "ಮಾತಾಡ್ಬೇಡ ಚಿನ್ನಾ, ಸುಮ್ನೆ ಮಲ್ಕೋ. ನೋವಿಗೆ ಹಾಗೆ," ಎಂದಳು. ಪೀಪಿಯ ಕಣ್ಣಿನಿಂದ ನೀರು ಕಿವಿಯ ಕಡೆಗೆ ಹರಿಯಿತು. ಹೋಯಿತು. ಹೋಗೇ ಹೋಯಿತು. ಒಂದು ಸ್ಕ್ರೂ ಮೇಜಿನ ಮೇಲೆ ಉಳಿದುಹೋಯಿತು.

* * *

ಮನೆಗೆ ಬಂದ ಮೇಲೆ ಪೀಪಿ ಅಜ್ಜಿಯ ಕಡೆ ತಿರುಗಿಯೂ ನೋಡಲಿಲ್ಲ. ಹಾಸಿಗೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅಮ್ಮ ಗಳಿಗೆಗೊಮ್ಮೆ ತಣ್ಣನೆ ನೀರು ತಂದು, "ಒಂದು ಗುಟುಕು, ನನ್ನ ಬಂಗಾರ ಅಲ್ವಾ," ಎಂದು ಕುಡಿಸುತ್ತಿದ್ದಳು. ಐಸ್‌ಕ್ರೀಮು ಕೂಡ ಬಂತು. ಎಂದೂ ಬೇಡವೆನ್ನದವಳು ಎರಡು ಚಮಚ ತಿಂದು ತಲೆ ಅಲ್ಲಾಡಿಸಿದಳು.

"ಮಾತಾಡೇ ಸ್ವಲ್ಪ. ಈಗ ಮಾತಾಡಬಹುದು ಅಂದಿದ್ದಾರೆ ಡಾಕ್ಟರು," ಎಂದು ಅಮ್ಮ ಅಂಗಲಾಚಿದಳು. ಪೀಪಿ ಮಾತಾಡಲಿಲ್ಲ. ಮಾತಾಡಿದರೆ ಗೊತ್ತಾಗಿಬಿಡುತ್ತದಲ್ಲ! ಗೊತ್ತಾಗುವುದೇ ಅವಳಿಗೆ ಬೇಡವಾಗಿತ್ತು.

ಆ ಮಧ್ಯಾಹ್ನ ಅಮ್ಮ ವ್ಯಾನಿಗೆ ಹೋಗಿದ್ದಳು. ಅಜ್ಜಿ ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದಳು. ಒಂದು ಕೈಯಲ್ಲಿ ಮೋಟು ಸ್ಟೂಲಿತ್ತು. ಅದನ್ನು ಹಾಸಿಗೆಯ ಪಕ್ಕ ಇಟ್ಟು, ಈ ಸಲ ತಾನೇ ಅದರ ಮೇಲೆ ಕೂತಳು.

"ತಿರುಗು ಇತ್ಲಾಗೆ."

ಪೀಪಿ ತಿರುಗಿದಳು.

"ತುಂಬ ನೋವಾ?"

ಪೀಪಿ ಹೌದೆಂದು ತಲೆಯಾಡಿಸಿದಳು. ದನಿಯೇ ಇಲ್ಲದೆ, ಬರೀ ತುಟಿಗಳಲ್ಲಿ ಅವಳು ಹೇಳಿದಳು: "ನನ್ನ ದನಿ ಹೋಯ್ತು ಅಜ್ಜಿ."

"ಎಲ್ಲಿಗೆ ಹೋಗುತ್ತೆ? ಬರುತ್ತೆ ಬಿಡು," ಎಂದಳು ಅಜ್ಜಿ.

ಪೀಪಿ ಕಣ್ಣು ಕಣ್ಣು ಬಿಟ್ಟಳು. ಅವಳ ಬಾಯಿಂದ ಒಂದು ಸಣ್ಣ ಸದ್ದೂ ಹೊರಟಿರಲಿಲ್ಲ. ಅವಳಿಗೇ ಕೇಳಿಸಿರಲಿಲ್ಲ!

ಮೆಲ್ಲಗೆ ಎದ್ದು ಕೂತಳು. ಮತ್ತೆ ತುಟಿ ಆಡಿಸಿದಳು: "ಬೆಕ್ಕಿನ ಮರಿ ಕಣ್ಣು ಬಿಟ್ಟವಾ?"

"ಆಗಲೇ ಬಿಟ್ಟವು. ಒಂದು ಕರೀದು ಇದೆಯಲ್ಲ, ಅದು ಭಾರೀ ತುಂಟ. ನಿಮ್ಮಪ್ಪನ ಚಪ್ಪಲೀಲಿ ಹೋಗಿ ಮಲ್ಕೊಳ್ಳುತ್ತೆ."

ಪೀಪಿ ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡಳು. ಅದರ ಹಿಂದಿನಿಂದ ತುಟಿ ಆಡಿಸಿದಳು. ಅಜ್ಜಿ ಹುಬ್ಬು ಗಂಟಿಕ್ಕಿ, ಕೈ ಚಾಚಿ ಹೊದಿಕೆಯನ್ನು ಕೆಳಗೆ ಎಳೆದಳು.

"ಬಟ್ಟೆ ತೆಗಿಯೇ. ಮುಖ ಮುಚ್ಕೊಂಡ್ರೆ ನಂಗೆ ಹೇಗೆ ಕೇಳಿಸ್ಬೇಕು?"

ಪೀಪಿ ಗೂಟದ ಕಡೆ ನೋಡಿದಳು. ನೀಲಿ ಮಫ್ಲರ್ ಅಲ್ಲಿ ತೂಗುತ್ತಿತ್ತು. ಅದನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಅಜ್ಜಿ ಕೂತ ಸ್ಟೂಲನ್ನು ನೋಡಿದಳು.

"ಅಮ್ಮಾ! ಪೀಪಿ ನೀರು ಕುಡಿದ್ಲಾ?" ಅಂಗಡಿಯಿಂದ ಅಪ್ಪನ ಕಿರುಚಾಟ ಬಂತು. ಅಜ್ಜಿ ಪೀಪಿಯನ್ನೇ ನೋಡುತ್ತಿದ್ದಳು. ಅವಳಿಗೆ ಅದು ಕೇಳಿಸಲಿಲ್ಲ. "ಅಮ್ಮಾ! ನೀರು!"

ಪೀಪಿ ಹಾಸಿಗೆಯಿಂದ ಇಳಿದಳು. ಅಂಗಡಿಗೆ ಹೋಗಿ ಅಪ್ಪನ ಕೈಯಿಂದ ಸ್ಕ್ರೂ ಡ್ರೈವರ್ ಕಿತ್ತು ಮೇಜಿನ ಮೇಲಿಟ್ಟಳು. "ಏನೇ? ಏನಾಯ್ತು? ನೋವಾ?" ಎಂದು ಅಪ್ಪ ಗಾಬರಿಯಾದ. ಅವಳು ಅವನ ಕೈ ಹಿಡಿದು ಎಳೆದುಕೊಂಡು ಬಂದಳು. ಅಜ್ಜಿಯನ್ನು ಹಾಸಿಗೆಯ ಮೇಲೆ ಕೂರಿಸಿದಳು. ಅಪ್ಪನನ್ನು ಸ್ಟೂಲಿನ ಕಡೆಗೆ ತಳ್ಳಿದಳು.

"ಇದ್ರಲ್ಲಿ ನಾನು ಹಿಡಿಸ್ತೀನೇನೇ?" ಎನ್ನುತ್ತಲೇ ಅಪ್ಪ ಕೂತ. ಮೊಣಕಾಲುಗಳು ಗದ್ದಕ್ಕೆ ಬಂದವು. ಪೀಪಿ ಎರಡೂ ಕೈಗಳಿಂದ ಅವನ ಗದ್ದ ಹಿಡಿದು, ಮುಖವನ್ನು ಅಜ್ಜಿಯ ಕಡೆ ಎತ್ತಿದಳು. ಆಮೇಲೆ ತುಟಿಯ ಮೇಲೆ ಬೆರಳಿಟ್ಟಳು. ಕಿರುಚಬಾರದು.

ಅಪ್ಪನಿಗೆ ಏನೂ ಅರ್ಥವಾಗಲಿಲ್ಲ. ಆದರೂ ಮೆಲ್ಲನೆ ಕೇಳಿದ: "ಅಮ್ಮ… ಪೀಪಿ ನೀರು ಕುಡಿದ್ಲಾ?"

"ಅರ್ಧ ಲೋಟ. ಇನ್ನರ್ಧ ಹಾಗೇ ಇದೆ ನೋಡು," ಎಂದಳು ಅಜ್ಜಿ.

ಅಪ್ಪ ಕೂತಲ್ಲೇ ಕಲ್ಲಾದ. ಪೀಪಿಯನ್ನು ನೋಡಿದ, ಅಜ್ಜಿಯನ್ನು ನೋಡಿದ.

"ಇಷ್ಟು ಮೆಲ್ಲಗೆ ಮಾತಾಡೋಕೆ ಬರುತ್ತಾ ನಿಂಗೆ?" ಅಜ್ಜಿ ಕೇಳಿದಳು. "ಮತ್ತೆ ಇಷ್ಟು ದಿನ ಹತ್ರ ಬರ್ದೆ ಯಾಕೋ ದೂರದಿಂದ ಬಾಯಿ ಬಡ್ಕೊಳ್ತಿದ್ದೆ?"

ಅಪ್ಪ ನಗಲು ನೋಡಿದ. ನಗು ಬರಲಿಲ್ಲ. "ಅಮ್ಮ, ನಿನ್ನ ಕಿವಿ ಮಷಿನ್… ಅದು ತಾನಾಗೇ ಕೆಡಲಿಲ್ಲ. ನಾನೇ ಬಿಚ್ಚಿ ಹಾಳು ಮಾಡ್ದೆ."

"ಗೊತ್ತು."

"ಗೊತ್ತಾ? ಯಾರು ಹೇಳಿದ್ರು?"

"ಇದು ಬಂದು ಹೇಳ್ತಲ್ಲ, ಹಳೇದಾಗಿತ್ತು ಅಂತ." ಅಜ್ಜಿ ಪೀಪಿಯ ತಲೆ ಸವರಿದಳು. "ಪಾಪ, ಸುಳ್ಳು ಹೇಳೋಕೆ ಬರಲ್ಲ ಇದಕ್ಕೆ. ಮುಖ ನೋಡಿದ್ರೇ ಕಾಣ್ತಿತ್ತು."

ಅಪ್ಪ ಅಜ್ಜಿಯ ಕೈ ಹಿಡಿದುಕೊಂಡ. "ನಾಳೆ ಬಾಮ್ಮ. ಆ ಡಾಕ್ಟರಮ್ಮನೇ ಕಿವೀನೂ ನೋಡ್ತಾರೆ. ಹೊಸದು ಹಾಕಿಸೋಣ."

"ನೀನು ಬಿಚ್ಚಲ್ಲ ತಾನೇ?"

"ದೇವರಾಣೆಗೂ ಬಿಚ್ಚಲ್ಲ."

ಪೀಪಿಗೆ ನಗು ಬಂತು. ನಕ್ಕಾಗ ಗಂಟಲು ಚುರ್ ಎಂದಿತು. ಜೊತೆಗೇ "ಹಿ" ಎಂದು ಒಂದು ಚೂರು ಸದ್ದೂ ಹೊರಬಿತ್ತು. ಒರಟಾಗಿತ್ತು. ಅವಳು ಕತ್ತಿನ ಮೇಲೆ ಬೆರಳಿಟ್ಟು ನೋಡಿದಳು. ಉಳಿದರ್ಧ ಲೋಟ ನೀರನ್ನು ಒಂದೊಂದೇ ಗುಟುಕು ಕುಡಿದಳು. ನೋಯಿತು, ಆದರೆ ಇಳಿಯಿತು.

ಅಷ್ಟರಲ್ಲಿ ಅಂಗಡಿಯಿಂದ ಯಾರೋ ಕೂಗಿದರು. "ಯಾರ್ರೀ ಇದ್ದೀರಾ? ನನ್ನ ಫ್ಯಾನ್ ಆಯ್ತಾ?"

ಅಪ್ಪ ಏಳಲು ಹೋದ. ಪೀಪಿ ಅವನ ಭುಜ ಒತ್ತಿ ಕೂರಿಸಿ, ತಾನೇ ಹೊರಗೆ ಹೋದಳು. ಫ್ಯಾನಿನ ಮಾಲೀಕ ಮೇಜಿನ ಆಚೆ ನಿಂತಿದ್ದ. ಪೀಪಿ ತುಟಿ ಆಡಿಸಿದಳು. ಅವನಿಗೆ ತಿಳಿಯಲಿಲ್ಲ. "ಏನು ಮರಿ?" ಎಂದ.

ಪೀಪಿ ಮೇಜನ್ನು ಸುತ್ತಿ ಅವನ ಹತ್ತಿರ ಬಂದಳು. ಬಾಗಿಲಿನ ಬೆಳಕು ತನ್ನ ಮುಖದ ಮೇಲೆ ಬೀಳುವ ಹಾಗೆ ನಿಂತು, ತಲೆ ಎತ್ತಿ, ನಿಧಾನವಾಗಿ ತುಟಿಗಳಲ್ಲೇ ಹೇಳಿದಳು: "ಸ್ವಲ್ಪ ಕೂತ್ಕೊಳ್ಳಿ. ಅಪ್ಪ ಅಜ್ಜಿ ಹತ್ರ ಮಾತಾಡ್ತಿದ್ದಾರೆ."

ಅವನು ಅವಳ ಮುಖವನ್ನೇ ನೋಡಿದ. "ಓ, ಆಯ್ತಮ್ಮ. ಮಾತಾಡ್ಲಿ," ಎಂದು ಬೆಂಚಿನ ಮೇಲೆ ಕೂತ.